37 ವರ್ಷ ಕಾದ ಲೇಖನ

1877ರ ಏಪ್ರಿಲ್ 27ರಂದು 68 ವರ್ಷದ ಒಬ್ಬ ಅಪ್ಪ, ತನ್ನ ಮಗುವಿನ ಬಗ್ಗೆ ಬರೆದ ಲೇಖನವೊಂದನ್ನು ಪತ್ರಿಕೆಗೆ ಕಳಿಸಿದ. ಜೊತೆಗೊಂದು ಪತ್ರ. ದಯವಿಟ್ಟು ಓದಿ ನೋಡಿ, ಪ್ರಕಟಣೆಗೆ ಯೋಗ್ಯ ಅನ್ನಿಸಿದರೆ ಸಂತೋಷ. ಅನ್ನಿಸದಿದ್ದರೆ, ಅನ್ನಿಸದೇ ಇರೋ ಸಾಧ್ಯತೆಯೇ ಹೆಚ್ಚು, ವಾಪಸ್ ಕಳಿಸಿಬಿಡಿ ಅಂತ. ಸ್ವಲ್ಪ ಕಟುವಾಗೇ ಓದಿ, ನನ್ನದೇ ಕೂಸು ಆಗಿರೋದರಿಂದ ಇದು ಅಚ್ಚು ಹಾಕುವಂಥದ್ದೋ ಅಲ್ಲವೋ ಅಂತ ನನಗೇ ಅಳೆಯೋಕೆ ಆಗ್ತಿಲ್ಲ ಅಂತಲೂ ಇತ್ತು. ನಿಮ್ಮಲ್ಲಿ ಯಾರಾದರೂ ಮಕ್ಕಳ ಬಗ್ಗೆ ಬರೆದು ಸಂಪಾದಕರಿಗೆ ಮೇಲ್ ಮಾಡಿದ್ದರೆ ಈ ಅಳುಕು ಗೊತ್ತಿರುತ್ತೆ. ಮೇಲ್ ಕಳಿಸಿ ಹತ್ತು ನಿಮಿಷಕ್ಕೆ 'ಅಯ್ಯೋ ಕಳಿಸಬಾರದಿತ್ತು' ಅನ್ನಿಸುತ್ತಲ್ಲ, ಅದೇ.

ಈ ಅಪ್ಪನ ಹೆಸರು ಚಾರ್ಲ್ಸ್ ಡಾರ್ವಿನ್. 'ಆರಿಜಿನ್ ಆಫ್ ಸ್ಪೀಶೀಸ್' ಬಂದು ಆಗಲೇ 18 ವರ್ಷವಾಗಿತ್ತು. ಜಗತ್ತಿನ ಯಾವ ಪತ್ರಿಕೆಯೂ ಬೇಡ ಅನ್ನುವ ಹೆಸರಲ್ಲ ಅದು. ಆದರೂ ಮಗುವಿನ ಲೇಖನ ಕಳಿಸುವಾಗ ಆತ ಹೊಸ ಬರಹಗಾರನ ಹಾಗೆ ಕೈ ಹೊಸಕಿಕೊಂಡು ನಿಂತಿದ್ದಾನೆ. ಪತ್ರಿಕೆ 'ಮೈಂಡ್', ಹಿಂದಿನ ವರ್ಷವಷ್ಟೇ ಶುರುವಾದದ್ದು. ಸಂಪಾದಕ ಜಾರ್ಜ್ ಕ್ರೂಮ್ ರಾಬರ್ಟ್‌ಸನ್. ಲೇಖನ ವಾಪಸ್ ಹೋಗಲಿಲ್ಲ. ಜುಲೈ ಸಂಚಿಕೆಯಲ್ಲಿ ಬಂತು: 'ಎ ಬಯಾಗ್ರಫಿಕಲ್ ಸ್ಕೆಚ್ ಆಫ್ ಆ್ಯನ್ ಇನ್‌ಫೆಂಟ್'. ಒಂದು ಕೂಸಿನ ಜೀವನಚರಿತ್ರೆ.

ತಮಾಷೆ ಏನಂದ್ರೆ, ಲೇಖನ ಅಚ್ಚಾದಾಗ ಆ ಕೂಸಿಗೆ 37 ವರ್ಷ. ಸೌತಾಂಪ್ಟನ್ನಿನಲ್ಲಿ ಬ್ಯಾಂಕರ್ ಆಗಿ ಕೆಲಸ ಮಾಡ್ತಿದ್ದ. ಹೆಸರು ವಿಲಿಯಂ ಎರಾಸ್ಮಸ್ ಡಾರ್ವಿನ್, 1839ರ ಡಿಸೆಂಬರ್ 27ರಂದು ಹುಟ್ಟಿದ ಮೊದಲ ಮಗ. ಹುಟ್ಟಿದ ದಿನದಿಂದಲೇ ಅಪ್ಪ ಒಂದು ನೋಟ್‌ಬುಕ್ ಇಟ್ಟು, ಕಂಡದ್ದನ್ನ ಕಂಡ ಹಾಗೆ ಬರೆದುಕೊಳ್ಳುತ್ತಾ ಬಂದಿದ್ದ. ಆ ನೋಟ್‌ಬುಕ್ಕಿನಿಂದ ಅಷ್ಟಿಷ್ಟು 1872ರ 'ಎಕ್ಸ್‌ಪ್ರೆಷನ್ ಆಫ್ ದಿ ಎಮೋಷನ್ಸ್' ಪುಸ್ತಕಕ್ಕೆ ಹೋಯಿತು. ಉಳಿದದ್ದು ಹಾಗೇ ಇತ್ತು. ಫ್ರೆಂಚ್ ಲೇಖಕ ಇಪ್ಪೊಲಿತ್ ತೇನ್ ಒಂದು ಹೆಣ್ಣುಮಗು ಮಾತು ಕಲಿತ ಬಗೆಯನ್ನು ಬರೆದದ್ದು ಇಂಗ್ಲಿಷಿಗೆ ಬಂದು 'ಮೈಂಡ್'ನಲ್ಲಿ ಅಚ್ಚಾಗದೇ ಇದ್ದಿದ್ದರೆ ಈ ಹಸ್ತಪ್ರತಿ ಕಳಿಸುವ ಯೋಚನೆಯೇ ನನಗೆ ಬರ್ತಿರಲಿಲ್ಲ ಅಂತ ಡಾರ್ವಿನ್ ಅದೇ ಪತ್ರದಲ್ಲಿ ಬರೆದಿದ್ದಾನೆ. ಇನ್ನೊಬ್ಬರ ಮಗುವಿನ ಕಥೆ ಓದಿದ ತಕ್ಷಣ 'ನಮ್ಮನೇದೂ ಒಂದಿದೆ' ಅನ್ನಿಸೋದು ಆಗಲೂ ಇತ್ತು.

ಲೇಖನದಲ್ಲಿ ಏನಿದೆ? ಮೊದಲ ಏಳು ದಿನದ ಸೀನು, ಬಿಕ್ಕಳಿಕೆ, ಆಕಳಿಕೆ, ಮೈಮುರಿಯೋದು. ಏಳನೇ ದಿನ ಅಂಗಾಲಿಗೆ ಕಾಗದದ ಚೂರು ತಾಗಿಸಿದಾಗ ಕಾಲು ಸೆಳೆದುಕೊಂಡದ್ದು. ನಾಲ್ಕೂವರೆ ತಿಂಗಳಾಗುವ ಹೊತ್ತಿಗೆ ಅಪ್ಪ ಥರಾವರಿ ಸದ್ದು ಮಾಡಿ ನಗಿಸ್ತಿದ್ದ. ಒಂದು ದಿನ ಗೊರಕೆ ಸದ್ದು ಮಾಡಿದ್ದೇ ಮಗು ಗಂಭೀರವಾಗಿ ನೋಡಿ, ಆಮೇಲೆ ಹೋ ಅಂತ ಅತ್ತುಬಿಟ್ಟಿತು. ಆರು ತಿಂಗಳಲ್ಲಿ ದಾದಿ ಅಳುವ ನಾಟಕ ಮಾಡಿದರೆ ಇದರ ತುಟಿಯೂ ಕೆಳಗಿಳಿಯುತ್ತಿತ್ತು. ಕನ್ನಡಿಯಲ್ಲಿ ಕಾಣೋದು ಬರೀ ಬಿಂಬ ಅಂತ ಗೊತ್ತಾದ ಮೇಲೆ, ಹಿಂದೆ ನಿಂತ ಅಪ್ಪ ಸದ್ದಿಲ್ಲದೆ ಮುಖ ಸೊಟ್ಟ ಮಾಡಿದರೆ, ಮಗು ಕನ್ನಡಿ ಬಿಟ್ಟು ತಿರುಗಿ ಅಪ್ಪನನ್ನೇ ನೋಡುತ್ತಿತ್ತು. ಗಡ್ಡದ ಮುದುಕನ ಫೋಟೋ ಮಾತ್ರ ನೋಡಿ ಬೆಳೆದ ನಮಗೆ ಈ ಸೊಟ್ಟ ಮುಖದ, ಮೂವತ್ತೊಂದರ ಡಾರ್ವಿನ್ ಹೊಸಬ.

ನಾನು ಓದುತ್ತಾ ನಿಂತುಬಿಟ್ಟಿದ್ದು ಬೇರೆ ಕಡೆ. ಸರಿಯಾಗಿ ಒಂದು ವರ್ಷ ತುಂಬಿದಾಗ ಮಗು ಊಟಕ್ಕೆ ತಾನೇ ಒಂದು ಶಬ್ದ ಮಾಡಿಕೊಂಡಿತಂತೆ. 'ಮಮ್'. ಮಮ್ಮು! ನಮ್ಮ ಯಾವ ಅಜ್ಜಿಯನ್ನ ಕೇಳಿದರೂ ಅರ್ಥ ಹೇಳ್ತಿದ್ದರು. ಸಕ್ಕರೆಗೆ 'ಶು-ಮಮ್', ಕಪ್ಪು ಅನ್ನೋ ಪದ ಕಲಿತ ಮೇಲೆ ಜ್ಯೇಷ್ಠಮಧುವಿನ ಕರಿ ಮಿಠಾಯಿಗೆ 'ಬ್ಲ್ಯಾಕ್-ಶು-ಮಮ್'. ಕನ್ನಡದ ಕೂಸೂ ಲಂಡನ್ನಿನ ಅಪ್ಪರ್ ಗೋವರ್ ಸ್ಟ್ರೀಟಿನ ಕೂಸೂ ತುಟಿ ಕೂಡಿಸಿ ಊಟ ಕೇಳಿದ ರೀತಿ ಒಂದೇ.

ಮನೆಯಲ್ಲಿ ಮಗುವನ್ನ 'ಡಾಡಿ' ಅಂತ ಕರೀತಿದ್ದರು (ಡ್ಯಾಡಿ ಅಲ್ಲ, ಅದು ಅಪ್ಪ). ಎರಡು ವರ್ಷ ಏಳೂವರೆ ತಿಂಗಳಿನ ಡಾಡಿ ಒಂದು ದಿನ ಊಟದ ಕೋಣೆಯಿಂದ ಹೊರಗೆ ಬರ್ತಾನೆ. ಕಣ್ಣಲ್ಲಿ ಅಸಹಜ ಹೊಳಪು, ನಡಿಗೆಯಲ್ಲಿ ಏನೋ ವಿಚಿತ್ರ ಬಿಂಕ. ಒಳಗೆ ಯಾರಿದ್ದಾರೆ ಅಂತ ಅಪ್ಪ ಹೋಗಿ ನೋಡಿದರೆ, ಮುಟ್ಟಬೇಡ ಅಂತ ಹೇಳಿದ್ದ ಪುಡಿ ಸಕ್ಕರೆಗೆ ಕೈ ಹಾಕಿದ್ದು ಗೊತ್ತಾಗುತ್ತೆ. ಹದಿನೈದು ದಿನ ಬಿಟ್ಟು ಮತ್ತೆ ಅದೇ ಕೋಣೆಯಿಂದ ಬರ್ತಾನೆ, ಈ ಸಲ ಬಟ್ಟೆಯ ಮೇಲೆ ಕಟ್ಟಿದ ಏಪ್ರನ್ನನ್ನು ಜೋಪಾನವಾಗಿ ಸುರುಳಿ ಸುತ್ತಿಕೊಂಡು. ಏನೂ ಇಲ್ಲ, ಆಚೆ ಹೋಗು ಅಂತಾನೆ. ಬಿಡಿಸಿ ನೋಡಿದರೆ ಉಪ್ಪಿನಕಾಯಿ ರಸದ ಕಲೆ. ಅಂದರೆ ಇಲ್ಲಿ ಲೆಕ್ಕ ಹಾಕಿ ಮಾಡಿದ ಮೋಸ ಇದೆ ಅಂತ ಡಾರ್ವಿನ್ ನಿರ್ಲಿಪ್ತವಾಗಿ ದಾಖಲಿಸುತ್ತಾನೆ. ಹೊಡೆದ ಅಂತಿಲ್ಲ, ಬೈದ ಅಂತಿಲ್ಲ. ಒಳ್ಳೆಯ ಭಾವನೆಗಳನ್ನಷ್ಟೇ ಮುಟ್ಟಿ ಬೆಳೆಸಿದ್ದರಿಂದ ಹುಡುಗ ಬೇಗ ಸತ್ಯವಂತನೂ ಮೃದುವೂ ಆದ ಅಂತಿದೆ. ವಿಕ್ಟೋರಿಯನ್ ಇಂಗ್ಲೆಂಡಿನಲ್ಲಿ ಇದು ಸಣ್ಣ ಮಾತಲ್ಲ.

ಆ ವರ್ಷ ನವೆಂಬರಿನಲ್ಲಿ ವಿಲಿಯಂಗೆ ಮದುವೆಯಾಯಿತು. ಮದುವೆಗೆ ನಾಲ್ಕು ತಿಂಗಳಿರುವಾಗ ಗಂಡಿನ ಉಪ್ಪಿನಕಾಯಿ ಕಳ್ಳತನ ಅಚ್ಚಾಗಿ, ಫ್ರೆಂಚಿಗೂ ಜರ್ಮನ್ನಿಗೂ ಹೋಗಿತ್ತು. ಹೆಣ್ಣಿನ ಕಡೆಯವರು ಓದಿದ್ದರೆ, ನಮ್ಮ ಕಡೆ ಆದರೆ, ತಾಂಬೂಲ ಬದಲಿಸುವಾಗ ಒಂದು ಜೋಕಂತೂ ಗ್ಯಾರಂಟಿ.

ನಾನು ಇದನ್ನೆಲ್ಲ ಓದಲು ಕೂತ ಕಾರಣ ಹೇಳಬೇಕು. ನನ್ನ ಲ್ಯಾಪ್‌ಟಾಪಿನಲ್ಲೂ ಒಂದು ಲೇಖನ ಇದೆ. ಮಗಳ ಬಗ್ಗೆ, ಅವಳಿಗೆ ಕಷ್ಟವಾಗಿದ್ದ ಒಂದು ವರ್ಷದ ಬಗ್ಗೆ. ಏನು ಕಷ್ಟ ಅಂತ ಇಲ್ಲಿ ಬರೆಯಲ್ಲ. ಬರೆದರೆ ಈ ಮುಂದೆ ಹೇಳೋದಕ್ಕೆಲ್ಲ ಅರ್ಥವೇ ಇರಲ್ಲ. ಆ ವರ್ಷ ರಾತ್ರಿ ಎರಡು ಗಂಟೆಗೆ ಫೋನ್ ಹಿಡಿದು, ಇಂಥದ್ದನ್ನೇ ದಾಟಿ ಬಂದ ಒಬ್ಬಳಾದರೂ ಅಮ್ಮ ಕನ್ನಡದಲ್ಲಿ ಬರೆದಿದ್ದಾಳಾ ಅಂತ ಹುಡುಕಿದ್ದೇನೆ. ಇಂಗ್ಲಿಷಿನಲ್ಲಿ ಸಿಕ್ಕವು. ಕನ್ನಡದಲ್ಲಿ ಡಾಕ್ಟರುಗಳ 'ಐದು ಸಲಹೆ'ಗಳು ಸಿಕ್ಕವು. ಹಾಗಾಗಿ ನಾನೇ ಬರೆದೆ. ಪೇರೆಂಟಿಂಗ್ ಬಗ್ಗೆ ಅನುಭವ ಕಥನ ಬೇಕು, 1500 ಪದ, ಅಂತ ಗೆಳತಿಯೊಬ್ಬಳು ಸಂಪಾದಿಸುತ್ತಿರುವ ಸಂಕಲನಕ್ಕೆ ಕೇಳಿದಳು. ಫೈಲ್ ಸಿದ್ಧವಿತ್ತು. ಕಳಿಸುವ ಬಟನ್ ಒತ್ತೋದೊಂದು ಬಾಕಿ.

ಆಗ ಡಾರ್ವಿನ್ನನ ಆ 37 ವರ್ಷ ನನ್ನನ್ನ ಕಾಡೋಕೆ ಶುರುವಾಯಿತು.

ಮಗುವನ್ನ ಡಾರ್ವಿನ್ ನೋಡಿದ್ದು ಬರೀ ಅಪ್ಪನಾಗಿ ಅಲ್ಲ ಅನ್ನೋದು ನಿಜ. ಮದುವೆಗೆ ಮುಂಚೆ, 1838ರಲ್ಲಿ, ಲಂಡನ್ ಝೂನಲ್ಲಿ ಜೆನ್ನಿ ಅನ್ನೋ ಒರಾಂಗುಟಾನನ್ನು ನೋಡಿ ಬಂದಿದ್ದ. ಅದು ಹಣ್ಣು ಕೊಡದಿದ್ದಕ್ಕೆ ರಚ್ಚೆ ಹಿಡಿದ ಮಗುವಿನ ಹಾಗೆ ಬಿದ್ದು ಒದ್ದಾಡಿದ್ದನ್ನು ಬರೆದುಕೊಂಡಿದ್ದ. ಅದೇ ವರ್ಷ ಮದುವೆ ಆಗಬೇಕೋ ಬೇಡವೋ ಅಂತ ಕಾಗದದ ಮೇಲೆ ಎರಡು ಕಾಲಂ ಗೀಚಿ ಲೆಕ್ಕವನ್ನೂ ಹಾಕಿದ್ದ. ಆಗಬೇಕು ಅನ್ನೋ ಕಡೆ ಮಕ್ಕಳು. ಬೇಡ ಅನ್ನೋ ಕಡೆ ಪುಸ್ತಕಕ್ಕೆ ದುಡ್ಡು ಕಡಿಮೆ ಆಗೋದು. ನಮ್ಮ ಎಕ್ಸೆಲ್ ಶೀಟ್ ಗಂಡಸರಿಗೆಲ್ಲ ಇವನೇ ಮೂಲಪುರುಷ ಇರಬೇಕು. ಹಾಗಾಗಿ ಡಾಡಿ ಹುಟ್ಟಿದಾಗ ಅವನಿಗೆ ಅದು ಮಗನೂ ಹೌದು, ಸಾಕ್ಷ್ಯವೂ ಹೌದು. ಮನುಷ್ಯನ ಕೋಪ, ಭಯ, ನಾಚಿಕೆ ಎಲ್ಲ ಎಲ್ಲಿಂದ ಬಂದವು ಅನ್ನೋ ಪ್ರಶ್ನೆಗೆ ತೊಟ್ಟಿಲಲ್ಲಿ ಉತ್ತರ ಹುಡುಕುತ್ತಿದ್ದ.

ಹುಡುಕಿದ್ದೆಲ್ಲ ಸರಿಯಾಗಿತ್ತು ಅಂತ ಅಲ್ಲ. ಎರಡೂಕಾಲು ವರ್ಷಕ್ಕೆ ಡಾಡಿ ಕೋಪ ಬಂದರೆ ಪುಸ್ತಕ, ಕೋಲು ಏನು ಸಿಕ್ಕರೂ ಎಸೀತಿದ್ದ. ಹೆಣ್ಣುಮಕ್ಕಳಲ್ಲಿ ಇದು ಕಾಣಲಿಲ್ಲ, ಆದ್ದರಿಂದ ಎಸೆಯುವ ಬುದ್ಧಿ ಗಂಡುಮಕ್ಕಳಿಗೆ ವಂಶದಿಂದಲೇ ಬರುತ್ತೇನೋ ಅಂತ ಡಾರ್ವಿನ್ ಊಹಿಸುತ್ತಾನೆ. ನನ್ನ ಮಗಳು ಎರಡು ವರ್ಷಕ್ಕೆ ಸ್ಟೀಲ್ ಲೋಟ ಎಸೆದು ಟಿವಿಗೆ ಗೀರು ಮಾಡಿದ್ದಾಳೆ. (ಇದನ್ನ ಬರೆಯೋಕೆ ಅನುಮತಿ ಇದೆ. ಅವಳಿಗೆ ಹೆಮ್ಮೆ.) ಇನ್ನೊಂದು ಸಂಗತಿ: ಮೂಲ ನೋಟ್‌ಬುಕ್ಕಿನಲ್ಲಿ ಹೆಂಡತಿ ಎಮ್ಮಾಳ ಕೈಬರಹವೂ ಇದೆ. ಅಚ್ಚಾದ ಲೇಖನದ ಮೇಲೆ ಅಪ್ಪನ ಹೆಸರೊಂದೇ.

ಆ ಲೇಖನದಲ್ಲಿ ಡಾಡಿಗೆ ಒಬ್ಬಳು ಪುಟ್ಟ ತಂಗಿ ಇದ್ದಾಳೆ. ಹದಿನೈದೂವರೆ ತಿಂಗಳಲ್ಲಿ ಅವನಿಗೆ ಹೊಟ್ಟೆಕಿಚ್ಚು ಕಾಣಿಸಿದ್ದು ಅಪ್ಪ ಆ ತಂಗಿಯನ್ನ ತೂಕ ಮಾಡುವಾಗ. ಎರಡು ವರ್ಷ ಮೂರು ತಿಂಗಳಲ್ಲಿ ತನ್ನ ಜಿಂಜರ್‌ಬ್ರೆಡ್ಡಿನ ಕೊನೆಯ ತುಂಡನ್ನು ಅವಳಿಗೆ ಕೊಟ್ಟು, ಡಾಡಿ ಎಷ್ಟು ಒಳ್ಳೆಯವನು ಅಂತ ತನ್ನನ್ನ ತಾನೇ ಹೊಗಳಿಕೊಂಡ. ತಂಗಿಯ ಹೆಸರು ಲೇಖನದಲ್ಲಿಲ್ಲ. ತಾರೀಖು ಕೂಡಿಸಿ ನೋಡಿದರೆ ಅವಳು ಯಾರು ಅಂತ ಸಂಶಯವೇ ಉಳಿಯಲ್ಲ. 1841ರ ಮಾರ್ಚ್ 2ರಂದು ಹುಟ್ಟಿದ ಆ್ಯನ್, ಮನೆಯವರ ಆ್ಯನಿ.

ಆ್ಯನಿ ಹತ್ತು ವರ್ಷಕ್ಕೆ ತೀರಿಕೊಂಡಳು. 1851ರ ಏಪ್ರಿಲ್ 23, ಮಾಲ್ವರ್ನ್ ಎಂಬ ಊರಿನಲ್ಲಿ, ಚಿಕಿತ್ಸೆಗೆ ಅಂತ ಕರೆದುಕೊಂಡು ಹೋದ ಕಡೆ. ಎಮ್ಮಾ ತುಂಬು ಗರ್ಭಿಣಿ, ಡೌನ್ ಊರಿನ ಮನೆ ಬಿಟ್ಟು ಬರುವ ಸ್ಥಿತಿಯಲ್ಲಿ ಇರಲಿಲ್ಲ. ಮಗಳ ಪಕ್ಕ ಇದ್ದವನು ಡಾರ್ವಿನ್. ಮಣ್ಣು ಮಾಡುವ ತನಕ ಅಲ್ಲಿ ನಿಲ್ಲದೆ, ಎಮ್ಮಾ ಹತ್ತಿರ ವಾಪಸ್ ಹೋದ. ಒಂದು ವಾರದ ಮೇಲೆ, ಏಪ್ರಿಲ್ 30ರಂದು, ಕೂತು ಆ್ಯನಿ ಬಗ್ಗೆ ಬರೆದ.

ಡಾಡಿಯ ಲೇಖನದ ಪಕ್ಕ ಇದನ್ನ ಇಟ್ಟು ಓದಿದರೆ ಬೇರೆ ಯಾರೋ ಬರೆದ ಹಾಗಿದೆ. ಇಲ್ಲಿ ಸಿದ್ಧಾಂತ ಇಲ್ಲ, ದಿನ ತಿಂಗಳ ಲೆಕ್ಕ ಇಲ್ಲ. ಅಪ್ಪನ ಜೊತೆ ಮರಳು ಹಾದಿಯಲ್ಲಿ ವಾಕಿಂಗ್ ಹೋಗುವಾಗ ಅವಳು ಮುಂದೆ ಮುಂದೆ ಕುಣಿದುಕೊಂಡು ಹೋಗ್ತಿದ್ದದ್ದು. ಅಪ್ಪನಿಗೆ ಅಂತ ಒಂದು ಚಿಟಿಕೆ ನಶ್ಯ ಕದ್ದುಕೊಂಡು ಮೆಟ್ಟಿಲು ಇಳಿದು ಓಡಿಬರುವಾಗ ಅವಳ ಮುಖ. ಅರ್ಧ ಗಂಟೆ ಅಪ್ಪನ ತಲೆ ಬಾಚಿ ಚಂದ ಮಾಡ್ತೀನಿ ಅಂತ ಕೂರುತ್ತಿದ್ದದ್ದು. ಮುಂದೆ ನಮಗೇ ಮರೆತುಹೋಗಬಾರದು, ಅದಕ್ಕೆ ಬರೀತಿದ್ದೀನಿ ಅನ್ನೋ ಅರ್ಥದ ಮಾತು ಶುರುವಿನಲ್ಲೇ ಬರುತ್ತೆ.

ಅದನ್ನ ಡಾರ್ವಿನ್ ಯಾವ ಪತ್ರಿಕೆಗೂ ಕಳಿಸಲಿಲ್ಲ. ಅವನು ಸತ್ತದ್ದು 1882ರಲ್ಲಿ. ಆ ಬರಹದ ಭಾಗ ಹೊರಗೆ ಬಂದದ್ದು 1887ರಲ್ಲಿ, ಇನ್ನೊಬ್ಬ ಮಗ ಫ್ರಾನ್ಸಿಸ್ ಅಪ್ಪನ ಜೀವನ ಮತ್ತು ಪತ್ರಗಳನ್ನು ಸಂಪಾದಿಸಿದಾಗ. ಆ್ಯನಿಯ ಬರವಣಿಗೆ ಪೆಟ್ಟಿಗೆಯನ್ನು ಎಮ್ಮಾ ಕೊನೆಯವರೆಗೂ ಇಟ್ಟುಕೊಂಡಿದ್ದಳು. ಆ ಪೆಟ್ಟಿಗೆಯ ಸುತ್ತ ಡಾರ್ವಿನ್ನನ ಮರಿಮೊಮ್ಮಗನ ಮಗ ರಾಂಡಲ್ ಕೀನ್ಸ್ 2001ರಲ್ಲಿ 'ಆ್ಯನೀಸ್ ಬಾಕ್ಸ್' ಅಂತ ಪುಸ್ತಕ ಬರೆದ.

ಎರಡೂ ಅವನ ಮಕ್ಕಳದ್ದೇ ಬರಹ. ಒಂದು 37 ವರ್ಷ ಕಾದು, ಸಂಕೋಚದಿಂದ ಹೊರಗೆ ಹೋಯಿತು. ಇನ್ನೊಂದು ಹೋಗಲೇ ಇಲ್ಲ. ಆದರೆ 1877ರ ಲೇಖನದಲ್ಲಿ ತೂಕದ ತಟ್ಟೆಯ ಮೇಲೆ ಮಲಗಿರುವ ಆ ಹೆಸರಿಲ್ಲದ ಪುಟ್ಟ ತಂಗಿಯನ್ನ ಬರೆಯುವಾಗ, ಅವಳು ಹೋಗಿ 26 ವರ್ಷ ಆಗಿತ್ತು. 'ಮೈಂಡ್' ಓದಿದ ಪ್ರೊಫೆಸರುಗಳು ಆ ಸಾಲನ್ನ ಹೊಟ್ಟೆಕಿಚ್ಚಿನ ಉದಾಹರಣೆ ಅಂತ ಓದಿಕೊಂಡು ಮುಂದೆ ಹೋಗಿರುತ್ತಾರೆ.

ಕಾಯದೇ ಕಳಿಸಿದವರ ಕಥೆಯೂ ಇದೆ. ಎ. ಎ. ಮಿಲ್ನ್, ಪೂ ಕರಡಿಯ ಲೇಖಕ, ಮಲಗುವ ಮುಂಚೆ ಮಗ ಪ್ರಾರ್ಥನೆ ಮಾಡೋದನ್ನ ನೋಡಿ 'ವೆಸ್ಪರ್ಸ್' ಅನ್ನೋ ಪದ್ಯ ಬರೆದು ಹೆಂಡತಿ ಡ್ಯಾಫ್ನೆಗೆ ಉಡುಗೊರೆ ಕೊಟ್ಟ. ಎಲ್ಲಾದರೂ ಅಚ್ಚಾದರೆ ದುಡ್ಡು ನೀನೇ ಇಟ್ಟುಕೋ ಅಂದ. ಅವಳು 'ವ್ಯಾನಿಟಿ ಫೇರ್'ಗೆ ಕಳಿಸಿದಳು, 50 ಡಾಲರ್ ಬಂತು. ಪದ್ಯ 1923ರಲ್ಲಿ ಪ್ರಕಟವಾದಾಗ ಮಗ ಕ್ರಿಸ್ಟೋಫರ್ ರಾಬಿನ್‌ಗೆ ಎರಡು ವರ್ಷ. ಆ ಹೆಸರು ಪದ್ಯದಲ್ಲೇ ಇತ್ತು. ಮುಂದೆ ಬೋರ್ಡಿಂಗ್ ಶಾಲೆಯಲ್ಲಿ ಪಕ್ಕದ ಕೋಣೆಯ ಹುಡುಗರು ಆ ಪದ್ಯದ ಗ್ರಾಮಫೋನ್ ಪ್ಲೇಟನ್ನು ಮತ್ತೆ ಮತ್ತೆ ಹಾಕಿ ಗೋಳು ಹೊಯ್ದುಕೊಂಡರು. ಬೇಜಾರಾದ ಮೇಲೆ ಪ್ಲೇಟನ್ನು ಅವನಿಗೇ ಕೊಟ್ಟರು; ಅವನು ಅದನ್ನ ಚೂರು ಚೂರು ಮಾಡಿ ಬಯಲಲ್ಲಿ ಎರಚಿದ. ತನ್ನ ಪುಟ್ಟ ಹೆಗಲ ಮೇಲೆ ಹತ್ತಿ ಅಪ್ಪ ಮೇಲಕ್ಕೆ ಹೋದ ಅಂತ ಒಂದು ಕಾಲದಲ್ಲಿ ಅನ್ನಿಸಿದ್ದನ್ನು 1974ರ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿದ್ದಾನೆ. ಡಾರ್ಟ್‌ಮತ್ ಊರಿನಲ್ಲಿ ಅವನದ್ದೊಂದು ಪುಸ್ತಕದ ಅಂಗಡಿ ಇತ್ತು. ಪುಸ್ತಕದ ಅಂಗಡಿ ಇಟ್ಟುಕೊಂಡು ಅಪ್ಪನ ಪುಸ್ತಕದಿಂದ ತಪ್ಪಿಸಿಕೊಳ್ಳೋದು ಹೇಗೆ, ನೀವೇ ಹೇಳಿ.

ಹಾಗಂತ ಯಾರೂ ಬರೀಬಾರದು ಅಂದರೆ ನಾನು ಒಪ್ಪಲ್ಲ. ಯಾಕಂದ್ರೆ ಆಗ ಅರ್ಮಾ ಬಾಂಬೆಕ್ ಇರ್ತಿರಲಿಲ್ಲ. ಅಮೆರಿಕದ ಓಹಾಯೋದ ಗೃಹಿಣಿ. 1964ರಲ್ಲಿ, ಕೊನೆಯ ಮಗು ಶಾಲೆಗೆ ಹೋಗೋಕೆ ಶುರು ಮಾಡಿದ ಮೇಲೆ, ಊರಿನ ಸಣ್ಣ ಪತ್ರಿಕೆ 'ಕೆಟರಿಂಗ್-ಓಕ್‌ವುಡ್ ಟೈಮ್ಸ್'ಗೆ ಕಾಲಂ ಬರೆಯೋಕೆ ಒಪ್ಪಿಸಿಕೊಂಡಳು. ಒಂದು ಕಾಲಂಗೆ 3 ಡಾಲರ್. ಆಗ ಅವಳಿಗೆ 37. ಮುಂದಿನ ವರ್ಷ ಡೇಟನ್ನಿನ ದೊಡ್ಡ ಪತ್ರಿಕೆ ಕರೆಯಿತು, ಆಮೇಲೆ ಸಿಂಡಿಕೇಟ್; ಉತ್ತುಂಗದಲ್ಲಿ ಸುಮಾರು 900 ಪತ್ರಿಕೆಗಳಲ್ಲಿ ಅವಳ ಕಾಲಂ ಬರ್ತಿತ್ತು. 1996ರಲ್ಲಿ ತೀರಿಕೊಳ್ಳುವ ಹೊತ್ತಿಗೆ 4000ಕ್ಕೂ ಹೆಚ್ಚು ಕಾಲಂ ಬರೆದಿದ್ದಳು. ಒಗೆಯುವ ಮಷೀನಿಗೆ ಹೋದ ಕಾಲುಚೀಲ ಜೋಡಿಯಾಗಿ ಯಾಕೆ ವಾಪಸ್ ಬರಲ್ಲ ಅನ್ನೋದರಿಂದ ಹಿಡಿದು ಮನೆಯೊಳಗಿನ ಹೆಂಗಸಿನ ಒಂಟಿತನದವರೆಗೆ. ಅವಳ ಜಾಣತನ ಎಲ್ಲಿತ್ತು ಅಂದ್ರೆ, ನಗೆಪಾಟಲಿಗೆ ಈಡಾಗ್ತಿದ್ದದ್ದು ಹೆಚ್ಚಾಗಿ ಅಮ್ಮ. ಮಕ್ಕಳು ಎಲ್ಲರ ಮನೆಯ ಮಕ್ಕಳ ಹಾಗೆ ಇರ್ತಿದ್ದರು. ಓದಿದ ಲಕ್ಷಾಂತರ ಹೆಂಗಸರಿಗೆ 'ನಾನೊಬ್ಬಳೇ ಅಲ್ಲ' ಅನ್ನಿಸಿತ್ತು. ರಾತ್ರಿ ಎರಡು ಗಂಟೆಗೆ ನಾನು ಹುಡುಕಿದ್ದೂ ಅದನ್ನೇ.

ನಮ್ಮಲ್ಲಿ ಆ ದಾರಿ ಇನ್ನೂ ಹಳೆಯದು. ಡಾ. ಎಂ. ಶಿವರಾಂ, ಅಂದರೆ ರಾಶಿಯವರು, 1942ರಲ್ಲಿ 'ಕೊರವಂಜಿ' ಶುರು ಮಾಡಿದರು. ಅದರಲ್ಲಿ ಬರೆದು ಬೆಳೆದವರು ಟಿ. ಸುನಂದಮ್ಮ. ಬಾಂಬೆಕ್ ಟೈಪ್‌ರೈಟರ್ ಮುಂದೆ ಕೂರೋದಕ್ಕೆ ಎಷ್ಟೋ ಮುಂಚೆ, ಮೈಸೂರು ಸೀಮೆಯ ಮಧ್ಯಮ ವರ್ಗದ ಮನೆಯನ್ನು ಒಳಗಿನಿಂದ ನೋಡಿ ನಗಿಸಿದವರು. ಕನ್ನಡದ ಹಾಸ್ಯ ಲೇಖಕಿಯರಲ್ಲಿ ಅವರ ಹೆಸರೇ ಮೊದಲು ಬರುತ್ತೆ. ಪೇರೆಂಟಿಂಗ್ ಕಾಲಂ ಅನ್ನೋ ಮಾತು ಆಗ ಇರಲಿಲ್ಲ ಅಷ್ಟೇ.

ಕಾನೂನು ಈಗ ಈ ಕಡೆ ನೋಡೋಕೆ ಶುರು ಮಾಡಿದೆ. ಫ್ರಾನ್ಸಿನಲ್ಲಿ 2024ರ ಫೆಬ್ರವರಿಯಲ್ಲಿ ಮಕ್ಕಳ ಚಿತ್ರದ ಹಕ್ಕಿಗಾಗಿ ಪ್ರತ್ಯೇಕ ಕಾಯಿದೆ ಬಂತು, ಅಪ್ಪ ಅಮ್ಮನನ್ನೇ ಗಮನದಲ್ಲಿಟ್ಟು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2024ರ ಜುಲೈ 1ರಿಂದ, ಮಕ್ಕಳನ್ನ ತೋರಿಸಿ ವಿಡಿಯೋದಿಂದ ಗಳಿಸಿದರೆ ಮಗುವಿನ ಪಾಲು ತೆಗೆದಿಡಬೇಕು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 18 ತುಂಬದವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ಓದಿ ನಗು ಬಂತು. ಒಪ್ಪಿಗೆ ಕೊಡೋಳೂ ನಾನೇ, ಕಥೆ ಬರೆದು ಕಳಿಸೋಳೂ ನಾನೇ.

ಹಾಗಾಗಿ ಒಂದು ಭಾನುವಾರ ಲೇಖನದ ಪ್ರಿಂಟ್ ತೆಗೆದು ಮಗಳಿಗೇ ಕೊಟ್ಟೆ. ಈಗ ಅವಳಿಗೆ ಹತ್ತು. ಕನ್ನಡ ಓದೋದು ನಿಧಾನ, ಬೆರಳಿಟ್ಟುಕೊಂಡು ಓದಿದಳು.

"ಅಮ್ಮ, ಇದನ್ನ ಅಜ್ಜಿ ಓದ್ತಾರಾ?"

"ಓದ್ತಾರೆ."

"ನಮ್ಮ ಕ್ಲಾಸಿನವರ ಅಮ್ಮಂದಿರು?"

"ಓದಬಹುದು."

ಪೆನ್ಸಿಲ್ ತಗೊಂಡು ಬಂದಳು. ಇದು ಬೇಡ, ಇದೂ ಬೇಡ ಅಂತ ಗೀಟು ಹಾಕುತ್ತಾ ಹೋದಳು. ನಾನು ತುಂಬಾ ಕಷ್ಟಪಟ್ಟು ಬರೆದಿದ್ದ ಪ್ಯಾರಾ, ಬೇರೆ ಅಮ್ಮಂದಿರಿಗೆ ನಿಜವಾಗಿ ಉಪಯೋಗಕ್ಕೆ ಬರೋದು ಅಂತ ನಾನು ಅಂದುಕೊಂಡದ್ದು, ಅದರ ಮೇಲೆ ಎರಡು ಗೀಟು. ಒಂದು ಕಡೆ ನಿಂತಳು. ಅವಳು ಆಟೋದವರ ಹತ್ತಿರ ಚೌಕಾಸಿ ಮಾಡಿದ ಜಾಗ. "ಇದು ಇರ್ಲಿ," ಅಂದಳು.

"ಬೇಡ ಅಂದಿದ್ದನ್ನೆಲ್ಲ ದೊಡ್ಡೋಳಾದ ಮೇಲೆ ಹಾಕಬಹುದಾ?"

"ಆಗ ಕೇಳು."

1500 ಪದದಲ್ಲಿ ಉಳಿದದ್ದು ಅರ್ಧ ಪುಟ. ಗೆಳತಿಗೆ ಫೋನ್ ಮಾಡಿ, ಮಗಳದ್ದು ಸದ್ಯಕ್ಕಿಲ್ಲ ಕಣೆ, ಡಾರ್ವಿನ್ ಮಗನದ್ದೊಂದು ಇದೆ, ಆಗುತ್ತಾ ಅಂತ ಕೇಳಿದೆ. ಕಳಿಸು, ನೋಡ್ತೀನಿ ಅಂದಳು.